ಬೆಡಿಯ ಸದ್ದು ನಿಂತ ಮೇಲೆ

ಪ್ರಶ್ನೆ: ನಾನು ಮುಳ್ಳೇರಿಯ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಹೊರದೇಶದ ಸಣ್ಣ ಊರುಗಳ ಶಾಲೆಗಳಲ್ಲಿ ಗುಂಡು ಹಾರಿಸಿ ಮಕ್ಕಳನ್ನು ಕೊಂದ ಘಟನೆಗಳ ವಿಡಿಯೊಗಳನ್ನು ನನ್ನ ಒಂಬತ್ತನೆಯ ತರಗತಿಯ ಮಕ್ಕಳು ಮೊಬೈಲಿನಲ್ಲಿ ನೋಡಿಕೊಂಡು ಬಂದಿದ್ದರು. ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಮತ್ತೆ ಆ ಊರು ಏನಾಯಿತು?" ಎಂದು ಕೇಳಿದಳು. ಎಷ್ಟು ಮಂದಿ ಸತ್ತರೆಂದು ಹೇಳಬಲ್ಲವಳಾಗಿದ್ದೆ, ಈ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ತಾವು ತಿಳಿಸಬಹುದೇ?
— ಅಧ್ಯಾಪಿಕೆ, ಮುಳ್ಳೇರಿಯ

ಉತ್ತರ: ನಿಮ್ಮ ವಿದ್ಯಾರ್ಥಿನಿ ಕೇಳಿದ್ದನ್ನು ಪತ್ರಿಕೆಗಳೂ ಟಿವಿ ವಾಹಿನಿಗಳೂ ಕೇಳುವುದು ಅಪರೂಪ. ಒಂದೆರಡು ವಾರಗಳಲ್ಲಿ ಕ್ಯಾಮರಾಗಳು ಮರಳಿ ಹೋಗುತ್ತವೆ, ಊರಿನ ಕಷ್ಟ ಶುರುವಾಗುವುದು ಅಲ್ಲಿಂದ. ದೊಡ್ಡ ನಗರದಲ್ಲಾದರೆ ಸತ್ತವರು ಬಹುಪಾಲು ಜನರಿಗೆ ಗುರುತಿಲ್ಲದವರು. ಸಣ್ಣ ಊರಿನಲ್ಲಿ ಹಾಗಲ್ಲ. ಸತ್ತ ಮಗು ನಿಮ್ಮ ಮಗನ ಬೆಂಚಿನಲ್ಲಿ ಕುಳಿತದ್ದು, ಗುಂಡು ಹಾರಿಸಿದವನ ತಾಯಿ ನಿಮಗೆ ವಾರಕ್ಕೆರಡು ಸಲ ಸೊಸೈಟಿಯಲ್ಲಿ ಸಿಗುವವರು, ತಡವಾಗಿ ಒಳಹೊಕ್ಕ ಪೊಲೀಸ್ ನಿಮ್ಮ ಆಚೆ ಮನೆಯವನು. ಅತ್ತವರೂ ದೂರಿದವರೂ ದೂರು ಹೊತ್ತವರೂ ಮರುದಿನ ಅದೇ ಪೇಟೆಯಲ್ಲಿ ತರಕಾರಿ ಕೊಳ್ಳಬೇಕು.

ಸ್ಕಾಟ್ಲೆಂಡಿನ ಡನ್‌ಬ್ಲೇನ್ ನಮ್ಮ ಒಂದು ಪಂಚಾಯತಿನ ಅರ್ಧದಷ್ಟೂ ಜನರಿಲ್ಲದ ಊರು. 1996ರ ಮಾರ್ಚ್ 13ರ ಬೆಳಿಗ್ಗೆ ಅಲ್ಲಿನ ಪ್ರಾಥಮಿಕ ಶಾಲೆಯ ವ್ಯಾಯಾಮ ಶಾಲೆಗೆ ನುಗ್ಗಿದ ಒಬ್ಬಾತ ಐದಾರು ವರ್ಷದ 16 ಮಕ್ಕಳನ್ನೂ ಅವರ ಅಧ್ಯಾಪಿಕೆಯನ್ನೂ ಕೊಂದು ತನಗೂ ಗುಂಡು ಹೊಡೆದುಕೊಂಡ. ಆತನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. 2019ರ ಮಾರ್ಚಿನಲ್ಲಿ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ 51 ಮಂದಿ ಹತರಾದಾಗ ನ್ಯೂಜಿಲೆಂಡಿನ ಪ್ರಧಾನಿಯಾಗಿದ್ದ ಜೆಸಿಂಡಾ ಆರ್ಡರ್ನ್ ಸಂಸತ್ತಿನಲ್ಲಿಯೇ, ಕೊಂದವನ ಹೆಸರನ್ನು ತಾನು ಎಂದಿಗೂ ಉಚ್ಚರಿಸುವುದಿಲ್ಲವೆಂದು ಹೇಳಿದ್ದರು. ಆ ಪಥ್ಯ ನನಗೂ ಸರಿಯೆನಿಸಿದೆ, ನಿಮ್ಮ ತರಗತಿಯಲ್ಲಿಯೂ ಅದನ್ನು ಪಾಲಿಸಬಹುದು.

ಡನ್‌ಬ್ಲೇನಿನ ಜನರು ಮೊದಲು ಮಾಡಿದ ಕೆಲಸವೆಂದರೆ, ಶವಸಂಸ್ಕಾರದ ದಿನಗಳಲ್ಲಿ ತಮ್ಮನ್ನು ತಮ್ಮಷ್ಟಕ್ಕೆ ಬಿಡಬೇಕೆಂದು ಪತ್ರಕರ್ತರನ್ನು ಕೇಳಿಕೊಂಡದ್ದು. ಜಗತ್ತಿನ ಮೂಲೆಮೂಲೆಗಳಿಂದ ಬಂದು ಬೀಡುಬಿಟ್ಟಿದ್ದ ಪತ್ರಕರ್ತರು ಆ ಮಾತಿಗೆ ಬೆಲೆಕೊಟ್ಟು ಊರು ಬಿಟ್ಟರು. ಇಂದಿನ ದಿನಗಳಲ್ಲಿ, ಸೂತಕದ ಮನೆಯ ಜಗಲಿಗೇ ಮೈಕು ಚಾಚುವವರನ್ನು ಕಂಡಿರುವ ನಮಗೆ ಇದು ನಂಬಲಾಗದ ಸೌಜನ್ಯವೆನಿಸೀತು. ವ್ಯಾಯಾಮ ಶಾಲೆಯನ್ನು ಕೆಲವೇ ವಾರಗಳಲ್ಲಿ ಕೆಡವಿ ಆ ಜಾಗವನ್ನು ಹೂದೋಟ ಮಾಡಿದರು, ಶಾಲೆಯನ್ನು ಮುಚ್ಚಲಿಲ್ಲ. ಬಂದ ದೇಣಿಗೆಯ ಒಂದು ಭಾಗದಿಂದ, ಊರಿನ ಮಕ್ಕಳು ಮತ್ತು ಯುವಕರು ಸೇರಿ ಆಡುವುದಕ್ಕೆಂದು ಒಂದು ಸಮುದಾಯ ಕೇಂದ್ರವನ್ನು ಕಟ್ಟಿದರು. ಅದು ತೆರೆದದ್ದು 2004ರಲ್ಲಿ, ಅಂದರೆ ಎಂಟು ವರ್ಷಗಳ ಮೇಲೆ. ಆ ಎಂಟು ವರ್ಷಗಳನ್ನು ದಯವಿಟ್ಟು ನಿಮ್ಮ ಮಕ್ಕಳಿಗೆ ಹೇಳಿ. ಒಂದು ಊರು ಎದ್ದು ನಿಲ್ಲುವುದಕ್ಕೆ ಹಿಡಿಯುವ ಕಾಲ ಅಂಥದು.

ಇನ್ನೊಂದು ಕೆಲಸವೂ ಅಲ್ಲಿಂದ ಹೊರಟಿತು. ಕೊಂದವನ ಕೈಯಲ್ಲಿದ್ದ ಪಿಸ್ತೂಲುಗಳೆಲ್ಲ ಸರಕಾರವೇ ಪರವಾನಿಗೆ ಕೊಟ್ಟವು. ಆತನ ಪರವಾನಿಗೆಯನ್ನು ಕಿತ್ತುಕೊಳ್ಳಬೇಕೆಂದು ಪೊಲೀಸ್ ಅಧಿಕಾರಿಯೊಬ್ಬರು 1991ರಲ್ಲಿಯೇ ಬರೆದಿದ್ದ ಟಿಪ್ಪಣಿ ಕಡತದಲ್ಲಿ ಉಳಿದುಕೊಂಡಿತ್ತೆಂಬುದು ಕಲೆನ್ ಆಯೋಗದ ವಿಚಾರಣೆಯಿಂದ ಹೊರಬಂತು. ಮಕ್ಕಳನ್ನು ಕಳೆದುಕೊಂಡವರೂ ಅವರ ಸ್ನೇಹಿತರೂ ಸೇರಿ, ಆ ಮಾರ್ಚಿನಲ್ಲಿ ಅರಳಿದ್ದ ಪುಟ್ಟ ಬಿಳಿ ಹೂವಾದ ಸ್ನೋಡ್ರಾಪಿನ ಹೆಸರಿನಲ್ಲಿ ಸಹಿ ಸಂಗ್ರಹಕ್ಕೆ ತೊಡಗಿ, ಏಳು ಲಕ್ಷಕ್ಕೂ ಹೆಚ್ಚು ಸಹಿಗಳನ್ನು ಸಂಸತ್ತಿಗೆ ಒಯ್ದರು. ಅವರು ಲೋಕವನ್ನೆಲ್ಲ ತಿದ್ದಲು ಹೊರಡದೆ, ಖಾಸಗಿ ವ್ಯಕ್ತಿಗಳ ಕೈಯಲ್ಲಿ ಪಿಸ್ತೂಲು ಇರಕೂಡದೆಂಬ ಒಂದೇ ಬೇಡಿಕೆಗೆ ಅಂಟಿಕೊಂಡರು. 1997ರಲ್ಲಿ ಎರಡು ಕಾನೂನುಗಳ ಮೂಲಕ, ಎರಡು ಬೇರೆ ಬೇರೆ ಪಕ್ಷಗಳ ಸರಕಾರಗಳ ಕಾಲದಲ್ಲಿ, ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಈಡೇರಿತು.

ಎಲ್ಲ ಊರಿಗೂ ಹೀಗೆ ಒದಗಿಬರುವುದಿಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂಟೌನಿನಲ್ಲಿ, 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯ 20 ಮಕ್ಕಳೂ 6 ಮಂದಿ ಸಿಬ್ಬಂದಿಯೂ ಹತರಾದಾಗ, ಮರುಕಪಟ್ಟ ಲೋಕವು ಆ ಊರಿಗೆ ಆಟಿಕೆಗಳನ್ನು ಲಾರಿಗಟ್ಟಲೆ ಕಳುಹಿಸಿತು. ಗೊಂಬೆ ಕರಡಿಗಳೇ ಅರುವತ್ತು ಸಾವಿರಕ್ಕೂ ಹೆಚ್ಚು ಬಂದಿದ್ದುವಂತೆ. ಅವನ್ನು ಇಡುವುದಕ್ಕೆ ಗೋದಾಮು ಹುಡುಕಿ, ವಿಂಗಡಿಸುವುದಕ್ಕೆ ಆಳುಗಳನ್ನು ಹುಡುಕಿ, ಊರಿನವರು ಸುಸ್ತಾದರು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಇಪ್ಪತ್ತು ಮಕ್ಕಳು ಇಲ್ಲದಾದ ಊರಿನಲ್ಲಿ ಅಷ್ಟೊಂದು ಗೊಂಬೆಗಳನ್ನು ಎಣಿಸುತ್ತ ಕೂರುವ ಕೆಲಸವನ್ನು ಊಹಿಸಿಕೊಳ್ಳಿ. ಹಣವೂ ಬಂತು, ಅದನ್ನು ಯಾರು ಹಂಚಬೇಕು, ಯಾರಿಗೆಷ್ಟು ಎಂಬಲ್ಲಿ ಮನಸ್ತಾಪಗಳೂ ಬಂದುವು. ಇವೆಲ್ಲಕ್ಕಿಂತ ಕ್ರೂರವಾದದ್ದು ಇನ್ನೊಂದು. ಆ ಮಕ್ಕಳು ಸತ್ತೇ ಇಲ್ಲ, ಇದೆಲ್ಲ ನಟನೆಯೆಂದು ಹಬ್ಬಿಸಿದವರನ್ನು ನಂಬಿದ ಜನರು ತಂದೆತಾಯಂದಿರನ್ನು ವರ್ಷಗಟ್ಟಲೆ ಹಿಂಬಾಲಿಸಿ ಪೀಡಿಸಿದರು. ಹಾಗೆ ಪ್ರಚಾರ ಮಾಡಿದ ರೇಡಿಯೊ ನಿರೂಪಕ ಅಲೆಕ್ಸ್ ಜೋನ್ಸ್ 96.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಕನೆಕ್ಟಿಕಟ್ಟಿನ ನ್ಯಾಯದರ್ಶಿ ಮಂಡಳಿಯು 2022ರಲ್ಲಿ ತೀರ್ಮಾನಿಸಿತು. ಊರಿನ ಸ್ಮಾರಕ ತೆರೆದದ್ದೂ ಅದೇ ವರ್ಷದ ನವೆಂಬರಿನಲ್ಲಿ, ಹತ್ತು ವರ್ಷಗಳಾಗುತ್ತಿದ್ದಾಗ.

ಇದೆಲ್ಲ ನಮಗೆ ತೀರ ಹೊಸತೇನಲ್ಲವೆಂದು ನಿಮ್ಮ ತರಗತಿಯಲ್ಲಿ ಹೇಳುವ ಧೈರ್ಯ ನಿಮಗಿದ್ದರೆ ಒಳ್ಳೆಯದು. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಎರಡು ದಶಕಗಳ ಮೇಲೆ, ಎಣ್ಮಕಜೆ, ಪಡ್ರೆಯಂಥ ಹಳ್ಳಿಗಳಿಗೂ ಕ್ಯಾಮರಾಗಳು ಬಂದಿದ್ದುವು. ಗುಂಡಿಗೂ ಕೀಟನಾಶಕಕ್ಕೂ ಹೋಲಿಕೆಯಿಲ್ಲ, ಒಂದು ನಿಮಿಷಗಳಲ್ಲಿ ಕೊಲ್ಲುತ್ತದೆ, ಇನ್ನೊಂದು ವರ್ಷಗಳಲ್ಲಿ. ಆದರೆ ಆಮೇಲಿನ ಬದುಕು ಹೋಲುತ್ತದೆ. ಮಲಗಿದಲ್ಲೇ ಇರುವ ಮಗುವಿನ ಚಿತ್ರವನ್ನು ಎಷ್ಟು ಸಲ ತೆಗೆಯಲು ಬಿಡಬೇಕೆಂದು ಅಮ್ಮಂದಿರು ಕೇಳಿಕೊಂಡದ್ದು, ಸಂತ್ರಸ್ತರ ಪಟ್ಟಿಯಲ್ಲಿ ಒಂದು ಮನೆಯ ಹೆಸರು ಬಂದು ಪಕ್ಕದ ಮನೆಯ ಹೆಸರು ಬಾರದೆ ಹೋದಾಗ ಬೇಲಿಯಾಚೆ ಮಾತು ನಿಂತದ್ದು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ ಮೇಲೆಯೂ ಧರಣಿ ಕೂರಬೇಕಾಗಿ ಬಂದದ್ದು, ಇವನ್ನೆಲ್ಲ ನಿಮ್ಮ ಮಕ್ಕಳಲ್ಲಿ ಕೆಲವರು ಮನೆಯಲ್ಲಿಯೇ ಕೇಳಿರುತ್ತಾರೆ. ನ್ಯೂಟೌನಿನ ತಾಯಿಯ ಸಂಕಟವನ್ನು ಅರ್ಥಮಾಡಿಕೊಳ್ಳಲು ಅವರು ದೂರ ಹೋಗಬೇಕಿಲ್ಲ.

ಟೆಕ್ಸಸ್ಸಿನ ಉವಾಲ್ಡೆಯದು ಇನ್ನೊಂದು ಬಗೆಯ ಗಾಯ. 2022ರ ಮೇ 24ರಂದು ಅಲ್ಲಿನ ಶಾಲೆಯಲ್ಲಿ 19 ಮಕ್ಕಳೂ ಇಬ್ಬರು ಅಧ್ಯಾಪಿಕೆಯರೂ ಹತರಾದರು. ಪೊಲೀಸರು ಬಂದಿದ್ದರೂ ತರಗತಿಯೊಳಗೆ ಹೊಕ್ಕು ಆತನನ್ನು ಕೊಲ್ಲುವುದಕ್ಕೆ ಒಂದು ಗಂಟೆಗೂ ಮಿಕ್ಕಿ ಹಿಡಿಯಿತು. ಹದಿನೈದು ಸಾವಿರದಷ್ಟು ಜನರಿರುವ ಊರದು. ಕಾದು ನಿಂತವರಲ್ಲಿ ಕೆಲವರು ಊರಿನವರೇ, ಅವರಲ್ಲೊಬ್ಬರ ಪತ್ನಿ ಒಳಗೆ ಸತ್ತ ಅಧ್ಯಾಪಿಕೆಯರಲ್ಲಿ ಒಬ್ಬರು. ಅಲ್ಲಿ ದುಃಖದೊಂದಿಗೆ ಸಿಟ್ಟೂ ಸೇರಿ, ಊರು ಒಳಗಿಂದೊಳಗೆ ಸೀಳಿತು. ನಡೆದದ್ದೇನೆಂದು ಬೇಗನೆ, ಬಚ್ಚಿಡದೆ ಹೇಳಿದಲ್ಲಿ ಊರು ಕೂಡಿಕೊಳ್ಳುತ್ತದೆ, ದಿನಕ್ಕೊಂದು ಕಥೆ ಹೇಳಿದಲ್ಲಿ ಒಡೆಯುತ್ತದೆ. ಉವಾಲ್ಡೆಯಲ್ಲಿ ಅಧಿಕಾರಿಗಳು ಮೊದಲ ದಿನಗಳಲ್ಲಿ ಹೇಳಿದ್ದನ್ನು ಮತ್ತೆ ಮತ್ತೆ ತಿದ್ದಿಕೊಳ್ಳಬೇಕಾಯಿತು.

ನಿಮ್ಮ ವಿದ್ಯಾರ್ಥಿನಿಗೆ, ಆ ಊರು ಇದೆ, ಶಾಲೆಯಿದೆ, ಮಕ್ಕಳು ಪಾಠ ಓದುತ್ತಿದ್ದಾರೆ ಎಂದು ಮೊದಲು ಹೇಳಿ. ಉಳಿದದ್ದನ್ನು ಆಮೇಲೆ ಹೇಳಿದರಾಯಿತು. ವಿಡಿಯೊಗಳನ್ನು ಹಂಚಬಾರದೆಂದು ಗದರುವುದಕ್ಕಿಂತ, ಆ ವಿಡಿಯೊದಲ್ಲಿ ಓಡುತ್ತಿರುವ ಮಗು ಈಗ ನಿಮ್ಮಷ್ಟೇ ದೊಡ್ಡದಾಗಿ ಅದನ್ನೇ ನೋಡುತ್ತಿರಬಹುದೆಂದು ಹೇಳಿ ನೋಡಿ.

ಪ್ರಶ್ನೆ: ಅಮೆರಿಕದ ಅಮಿಶ್ ಎಂಬ ಕ್ರೈಸ್ತ ಪಂಗಡದವರು, ತಮ್ಮ ಹೆಣ್ಣುಮಕ್ಕಳನ್ನು ಗುಂಡಿಟ್ಟು ಕೊಂದವನ ಮನೆಗೆ ಅಂದೇ ಹೋಗಿ ಕ್ಷಮಿಸಿ ಬಂದರೆಂದು ಓದಿದ್ದೇನೆ. ನನ್ನ ಮಗುವಿಗೆ ಹಾಗಾಗಿದ್ದರೆ ನನ್ನಿಂದ ಸಾಧ್ಯವೇ ಇರಲಿಲ್ಲ. ಇದು ನಿಜವೇ, ತೋರಿಕೆಯೇ?
— ಓದುಗರು, ಮಂಜೇಶ್ವರ

ಉತ್ತರ: ನಿಜ. ಪೆನ್ಸಿಲ್ವೇನಿಯಾದ ನಿಕೆಲ್ ಮೈನ್ಸ್ ಎಂಬಲ್ಲಿ 2006ರ ಅಕ್ಟೋಬರ್ 2ರಂದು, ಒಂದೇ ಕೋಣೆಯ ಶಾಲೆಗೆ ಹೊಕ್ಕ ಹಾಲಿನ ಲಾರಿಯ ಚಾಲಕನೊಬ್ಬ ಹತ್ತು ಹೆಣ್ಣುಮಕ್ಕಳಿಗೆ ಗುಂಡಿಕ್ಕಿದ. ಐವರು ಸತ್ತರು, ಆತನೂ ತನ್ನನ್ನು ಕೊಂದುಕೊಂಡ. ಆತ ಅಮಿಶ್ ಅಲ್ಲ, ಆದರೆ ಅದೇ ಆಸುಪಾಸಿನವ, ಹೆಂಡತಿ ಮಕ್ಕಳಿದ್ದವ. ಅಮಿಶ್ ನೆರೆಯವರು ಅಂದೇ ಆತನ ಹೆಂಡತಿಯ ಬಳಿಗೂ ತಂದೆತಾಯಿಯ ಬಳಿಗೂ ಹೋದರು, ಆಮೇಲೆ ಆತನ ಅಂತ್ಯಸಂಸ್ಕಾರಕ್ಕೂ ಹೋಗಿ ನಿಂತರು.

ಪತ್ರಿಕೆಗಳು ಇದನ್ನು ಕ್ಷಮೆಯೆಂದು ಕರೆದುವು, ಅಮಿಶರೂ ಹಾಗೆಯೇ ಕರೆದರು. ನನಗೆ ಮಾತ್ರ ಕ್ಷಮೆ ಎಂಬ ದೊಡ್ಡ ಮಾತಿಗಿಂತ ಆ ನಡಿಗೆಯೇ ಮುಖ್ಯವೆನಿಸುತ್ತದೆ. ಮದುವೆಯ ಮನೆಗೆ ಕರೆ ಬೇಕು, ಸಾವಿನ ಮನೆಗೆ ಕರೆ ಬೇಕಿಲ್ಲವೆಂದು ನಮ್ಮಲ್ಲಿಯೂ ಹಿರಿಯರು ಹೇಳುತ್ತಾರೆ. ಆದರೆ ಕೆಟ್ಟ ಕೆಲಸ ಮಾಡಿ ಸತ್ತವನ ಮನೆಯ ಅಂಗಳಕ್ಕೆ ಹೋಗುವವರು ಎಷ್ಟು ಮಂದಿ? ಆ ಮನೆಯಲ್ಲಿಯೂ ಗಂಡನನ್ನು ಕಳೆದುಕೊಂಡವಳು ಇರುತ್ತಾಳೆ, ಮರುದಿನ ಶಾಲೆಗೆ ಹೋಗಬೇಕಾದ ಮಕ್ಕಳಿರುತ್ತಾರೆ. ಸಣ್ಣ ಊರಿನಲ್ಲಿ ಅವರ ಮುಖಕ್ಕೆ ಬಾಗಿಲು ಮುಚ್ಚಿದರೆ ಅವರಿಗೆ ಬೇರೆ ಊರಿಲ್ಲ.

ಕೊಂದವನು ಸತ್ತಿದ್ದ, ವಿಚಾರಣೆಯಾಗಲಿ ಶಿಕ್ಷೆಯಾಗಲಿ ನಡೆಯಬೇಕಾಗಿರಲಿಲ್ಲ ಎಂಬುದನ್ನೂ ಮರೆಯಬೇಡಿ. ಅವರು ಕಾನೂನನ್ನು ತಡೆದವರಲ್ಲ. ನೆನಪನ್ನು ಅಳಿಸಿದವರೂ ಅಲ್ಲ. ಶಾಲೆಯ ಕಟ್ಟಡವನ್ನು ಹತ್ತೇ ದಿನಗಳಲ್ಲಿ ಕೆಡವಿ ಹುಲ್ಲು ಬೆಳೆಸಿದರು, ಆರು ತಿಂಗಳ ಮೇಲೆ ಬೇರೊಂದು ಜಾಗದಲ್ಲಿ ಹೊಸ ಶಾಲೆ ತೆರೆದರು. ಬದುಕುಳಿದವರಲ್ಲಿ ಒಬ್ಬ ಪುಟ್ಟ ಹುಡುಗಿ ಮತ್ತೆ ನಡೆಯಲಿಲ್ಲ, ಮಾತಾಡಲಿಲ್ಲ. ಕೊಂದವನ ತಾಯಿ ಆ ಮನೆಗೆ ವರ್ಷಗಟ್ಟಲೆ ವಾರವಾರವೂ ಹೋಗಿ ಆ ಮಗುವಿನ ಆರೈಕೆಯಲ್ಲಿ ಕೈಜೋಡಿಸುತ್ತಿದ್ದರು. ಬಾಗಿಲು ತೆರೆದವರಿಗೂ ಒಳಗೆ ಕಾಲಿಟ್ಟವರಿಗೂ ಅದು ಪ್ರತಿವಾರವೂ ಹೊಸದಾಗಿ ಮಾಡಬೇಕಾಗಿದ್ದ ಕೆಲಸವೆಂದು ನನ್ನ ಊಹೆ.

ತಮ್ಮಿಂದ ಸಾಧ್ಯವಿರಲಿಲ್ಲವೆಂದಿರಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನೊಂದವರಿಗೆ "ಕ್ಷಮಿಸಿಬಿಡಿ" ಎಂದು ಹೊರಗಿನವರು ಉಪದೇಶಿಸುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ತೋಟಕ್ಕೆ ನುಗ್ಗುವ ಕಾಡುಹಂದಿಗಳನ್ನು ಕೊಲ್ಲಲು ಪಂಚಾಯತಿನಿಂದಲೇ ಅನುಮತಿ ಸಿಗುತ್ತದೆ, ಲೈಸನ್ಸ್ ಇರುವ ಕೋವಿಗಳೂ ಇವೆ. ಹೊರದೇಶಗಳಂತೆ ನಮ್ಮಲ್ಲಿಯೂ ಜನರ ಮೇಲೆ ಗುಂಡಿನ ದಾಳಿ ಆಗಬಹುದೇ?
— ಕೃಷಿಕ, ದೇಲಂಪಾಡಿ

ಉತ್ತರ: ಅಷ್ಟು ಭಯಪಡಬೇಕಿಲ್ಲ, ಆದರೆ ನಿಶ್ಚಿಂತೆಯಿಂದಿರುವಂತೆಯೂ ಇಲ್ಲ. 1959ರ ಆಯುಧ ಕಾಯಿದೆಯಂತೆ ನಮ್ಮಲ್ಲಿ ಕೋವಿ ಹಕ್ಕಲ್ಲ, ಕಾರಣ ತೋರಿಸಿ ಪಡೆಯಬೇಕಾದ ಅನುಮತಿ. 2019ರ ತಿದ್ದುಪಡಿಯ ಮೇಲೆ ಒಬ್ಬರು ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. 2022ರಲ್ಲಿ ಕೇರಳ ಸರಕಾರವು ಹಂದಿಯ ವಿಚಾರದಲ್ಲಿ ಪಂಚಾಯತು ಅಧ್ಯಕ್ಷರಿಗೆ ಕೊಟ್ಟದ್ದು ಲೈಸನ್ಸ್ ಇರುವವರಿಂದ ಹೊಡೆಸುವ ಅಧಿಕಾರವನ್ನೇ ಹೊರತು, ಹೊಸ ಕೋವಿ ಕೊಡುವ ಅಧಿಕಾರವನ್ನಲ್ಲ. ನಮ್ಮ ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗಳಿಗೆ ಒಂದೆರಡು ಗುಂಡಿಗೊಮ್ಮೆ ತೋಟೆ ತುಂಬಬೇಕು. ಆಸ್ಟ್ರೇಲಿಯಾದ ಪೋರ್ಟ್ ಆರ್ಥರಿನಲ್ಲಿ 1996ರ ಏಪ್ರಿಲಿನಲ್ಲಿ 35 ಮಂದಿಯನ್ನು ಕೊಂದದ್ದು ತಾನಾಗಿ ಮರುತುಂಬಿಕೊಳ್ಳುವ ರೈಫಲುಗಳು. ಆ ದೇಶ ಅವನ್ನು ನಿಷೇಧಿಸಿ, ಜನರಿಂದ ಸುಮಾರು ಆರೂವರೆ ಲಕ್ಷ ಕೋವಿಗಳನ್ನು ಹಣಕೊಟ್ಟು ಹಿಂದಕ್ಕೆ ಪಡೆಯಿತು.

ಜಾಗ್ರತೆ ಬೇಕಾದದ್ದು ಇನ್ನೊಂದು ಕಡೆ. ಕೆನಡದ ಪೋರ್ಟಪೀಕ್ ಎಂಬ ಪುಟ್ಟ ಊರಿನಿಂದ 2020ರ ಏಪ್ರಿಲಿನಲ್ಲಿ ತೊಡಗಿ 22 ಮಂದಿಯನ್ನು ಕೊಂದವನು, ಅಂದು ರಾತ್ರಿ ಮೊದಲು ಕೈಮಾಡಿದ್ದು ತನ್ನ ಜತೆಗಾರ್ತಿಯ ಮೇಲೆ. ಆಕೆಯನ್ನು ಆತ ಹೊಡೆಯುತ್ತಿದ್ದದ್ದೂ, ಆತನ ಬಳಿ ಅಕ್ರಮ ಕೋವಿಗಳಿದ್ದದ್ದೂ ನೆರೆಯವರಿಗೆ ವರ್ಷಗಳಿಂದ ಗೊತ್ತಿತ್ತು. ಸ್ಯಾಂಡಿ ಹುಕ್ಕಿನ ಹುಡುಗ ಒಯ್ದದ್ದು ತಾಯಿಯ ಹೆಸರಿನಲ್ಲಿದ್ದ ಕೋವಿಗಳನ್ನು, ಮೊದಲು ಕೊಂದದ್ದೂ ಆಕೆಯನ್ನೇ. ಆದುದರಿಂದ ಕೋವಿ ಇರುವ ಮನೆಯಲ್ಲಿ ಹೆಂಡತಿಗೆ ಪೆಟ್ಟು ಬೀಳುತ್ತಿದ್ದರೆ, ಆಚೆ ಮನೆಯವರಿಗೆ "ತೋರಿಸಿಕೊಡುತ್ತೇನೆ" ಎಂಬ ಬೆದರಿಕೆ ಕೇಳಿಸುತ್ತಿದ್ದರೆ, ಅಥವಾ ಯಾರಾದರೂ ಬದುಕು ಸಾಕೆನ್ನುತ್ತಿದ್ದರೆ, ಅದನ್ನು ಮನೆಯೊಳಗಿನ ವಿಚಾರವೆಂದು ಬಿಡಬೇಡಿ. ಲೈಸನ್ಸನ್ನು ಅಮಾನತಿನಲ್ಲಿಡುವುದಕ್ಕೂ ರದ್ದುಮಾಡುವುದಕ್ಕೂ ಆಯುಧ ಕಾಯಿದೆಯ 17ನೆಯ ಸೆಕ್ಷನಿನಲ್ಲಿ ಅವಕಾಶವಿದೆ, ಠಾಣೆಗೆ ತಿಳಿಸಿದರೆ ಅದು ಚಾಡಿಯಾಗುವುದಿಲ್ಲ. ಕೋವಿ ಒಂದು ಕಪಾಟಿನಲ್ಲಿ, ತೋಟೆ ಇನ್ನೊಂದರಲ್ಲಿ, ಬೀಗದ ಕೈ ಮಕ್ಕಳಿಗೆ ತಿಳಿಯದಲ್ಲಿ ಇರಲಿ.

ಪ್ರಶ್ನೆ: ಅಮೆರಿಕದ ಸಣ್ಣ ಊರೊಂದರಲ್ಲಿರುವ ನನ್ನ ಮಗಳ ಸಂಸಾರ ಕಳೆದ ಜನವರಿಯಲ್ಲಿ ಒಂದು ಮದುವೆಗಾಗಿ ಊರಿಗೆ ಬಂದಿತ್ತು. ಅದೇ ಹೊತ್ತಿಗೆ ಜಾತ್ರೆಯಲ್ಲಿ ಪಟಾಕಿ ಸಿಡಿಸುವ ಕುಂಬಳೆ ಬೆಡಿಯೂ ಬಂತು. ಬೆಡಿ ಸಿಡಿಯತೊಡಗಿದೊಡನೆ ಎಂಟು ವರ್ಷದ ಮೊಮ್ಮಗಳು ತನ್ನ ಮಾವನ ಪುಟ್ಟ ಮಗನನ್ನು ಎಳೆದುಕೊಂಡು ಅಂಗಡಿಯೊಂದರ ಬೆಂಚಿನಡಿಗೆ ಹೊಕ್ಕು, ಬಾಯಿಗೆ ಬೆರಳಿಟ್ಟು ಸುಮ್ಮನೆ ಕುಳಿತುಬಿಟ್ಟಳು. ಅಳಲಿಲ್ಲ, ಕರೆದರೂ ಓಗೊಡಲಿಲ್ಲ. ನೆಂಟರೆಲ್ಲ "ಅಮೆರಿಕದ ಮಗು, ಪುಕ್ಕಲು" ಎಂದು ನಕ್ಕರು. ಶಾಲೆಯಲ್ಲಿ ಹೀಗೆಯೇ ಅಭ್ಯಾಸ ಮಾಡಿಸುತ್ತಾರೆಂದು ಮಗಳು ಹೇಳಿದಳು. ಮಗುವನ್ನು ಡಾಕ್ಟರಿಗೆ ತೋರಿಸಬೇಕೇ?
— ಅಜ್ಜ, ಕುಂಬಳೆ

ಉತ್ತರ: ನಕ್ಕವರ ಮೇಲೆ ನನಗೆ ತುಸು ಸಿಟ್ಟು ಬಂತು, ಕ್ಷಮಿಸಿ. ನೀಲೇಶ್ವರದಲ್ಲಿ 2024ರ ಅಕ್ಟೋಬರಿನಲ್ಲಿ ತೆಯ್ಯಂ ಉತ್ಸವದ ಪಟಾಕಿಗಳ ದಾಸ್ತಾನಿಗೆ ಬೆಂಕಿ ತಗಲಿ 150ಕ್ಕೂ ಹೆಚ್ಚು ಮಂದಿ ಗಾಯಗೊಂಡ ಮೇಲೆ, ಬೆಡಿಯ ಸದ್ದಿಗೆ ಎದೆ ಧಸಕ್ಕೆನ್ನುವವರು ನಮ್ಮ ಜಿಲ್ಲೆಯಲ್ಲಿಯೂ ಇದ್ದಾರೆ.

ನಿಮ್ಮ ಪುಳ್ಳಿ ಪುಕ್ಕಲಲ್ಲ. ಅಮೆರಿಕದ ಬಹುತೇಕ ಶಾಲೆಗಳಲ್ಲಿ ಕೋವಿ ಹಿಡಿದವನು ಬಂದರೆ ಏನು ಮಾಡಬೇಕೆಂದು ವರ್ಷದಲ್ಲಿ ಕೆಲವು ಸಲ ಅಭ್ಯಾಸ ಮಾಡಿಸುತ್ತಾರೆ. ಬಾಗಿಲಿಗೆ ಬೀಗ, ದೀಪ ನಂದಿಸುವುದು, ಕಿಟಕಿಗೆ ಕಾಣದ ಮೂಲೆಯಲ್ಲಿ ಒತ್ತೊತ್ತಾಗಿ ಕುಳಿತು ಉಸಿರು ಬಿಗಿಹಿಡಿಯುವುದು, ಹೊರಗಿಂದ ಯಾರು ಕರೆದರೂ ಓಗೊಡದಿರುವುದು. ನೀವು ಬರೆದದ್ದನ್ನು ಓದಿ ನೋಡಿ, ಅವಳು ಮಾಡಿದ್ದು ಅಕ್ಷರಶಃ ಅದನ್ನೇ. ನೀವು ಕರೆದಾಗ ಓಗೊಡದಿದ್ದುದೂ ಕಲಿತ ಪಾಠವೇ. ಜತೆಗೆ, ತನಗಿಂತ ಚಿಕ್ಕವನನ್ನು ಎಳೆದುಕೊಂಡು ಹೋಗಿದ್ದಾಳೆ. ಆ ದೇಶದ ಮಕ್ಕಳ ವೈದ್ಯರ ಸಂಘವೇ 2020ರಲ್ಲಿ, ನಿಜವಾದ ದಾಳಿಯಂತೆ ನಟಿಸಿ, ಮೊದಲೇ ತಿಳಿಸದೆ ಮಕ್ಕಳನ್ನು ಬೆದರಿಸುವ ಅಭ್ಯಾಸಗಳು ಬೇಡವೆಂದು ಹೇಳಿದೆ. ಮಗಳಿಗೆ ಹೇಳಿ, ತಮ್ಮ ಶಾಲೆಯಲ್ಲಿ ಯಾವ ಬಗೆಯ ಅಭ್ಯಾಸ ಮಾಡಿಸುತ್ತಾರೆಂದು ಕೇಳಿ ತಿಳಿದುಕೊಳ್ಳಲಿ.

ಇನ್ನೊಂದು ಸಣ್ಣ ವಿಚಾರ. ನಮ್ಮ ಕಡೆಯ ಮಾತಿನಲ್ಲಿ ಕೋವಿಗೂ ಬೆಡಿ, ಜಾತ್ರೆಯ ಪಟಾಕಿಗೂ ಬೆಡಿ. ಮನೆಯಲ್ಲಿ ಅಮ್ಮನಿಂದ ಈ ಭಾಷೆ ಕಲಿತ ಮಗುವಿಗೆ "ಇಂದು ರಾತ್ರಿ ಬೆಡಿ ನೋಡಲು ಹೋಗೋಣ" ಎಂದು ನೀವು ಹೇಳಿದ್ದರೆ, ಅವಳಿಗೆ ಕೇಳಿಸಿದ್ದು ಯಾವ ಬೆಡಿಯೋ! ಒಮ್ಮೆ ಕೇಳಿ ನೋಡಿ.

ಒಂದು ರಾತ್ರಿಯ ಗಾಬರಿಗೆ ಡಾಕ್ಟರು ಬೇಕಿಲ್ಲ. ನಿದ್ದೆಯಲ್ಲಿ ಬೆಚ್ಚಿಬೀಳುವುದು, ಶಾಲೆಗೆ ಹೋಗಲು ಒಲ್ಲೆನೆನ್ನುವುದು, ಬಾಗಿಲು ಬಡಿದರೂ ಅಡಗುವುದು ಒಂದು ತಿಂಗಳಿಗೂ ಮಿಕ್ಕಿ ಇದ್ದರೆ ಅಲ್ಲಿಯೇ ಮಕ್ಕಳ ಮನೋವೈದ್ಯರಿಗೆ ತೋರಿಸಲಿ. ನಿಮ್ಮ ಮನಸ್ಸಿಗೇ ಕಳವಳವಾಗುತ್ತಿದ್ದರೆ ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆಯ 14416ಕ್ಕೆ ಕರೆಮಾಡಬಹುದು, ಖರ್ಚಿಲ್ಲ. ಆದದ್ದನ್ನು ಬಿಡಿಸಿ ಬಿಡಿಸಿ ಹೇಳಲು ಮಗುವನ್ನು ಒತ್ತಾಯಿಸುವುದು ಒಳಿತಲ್ಲ, ಅವಳಾಗಿ ಹೇಳಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿ.

ಮುಂದಿನ ಸಲ ಬಂದಾಗ, ಹಗಲಿನಲ್ಲಿ, ಬೆಡಿ ಹೂಳುವ ಹೊತ್ತಿಗೆ ಗದ್ದೆಯ ಬದಿಗೆ ಕರೆದೊಯ್ದು ದೂರದಿಂದ ತೋರಿಸಿ. ಎಷ್ಟು ಹೊತ್ತಿಗೆ ಸಿಡಿಯುತ್ತದೆ, ಯಾರು ಬೆಂಕಿ ಕೊಡುತ್ತಾರೆ, ಎಷ್ಟು ದೂರ ನಿಲ್ಲಬೇಕೆಂದು ಅವಳೇ ಕೇಳಲಿ. ಆಮೇಲೂ ಬರುವುದಿಲ್ಲವೆಂದರೆ ಒತ್ತಾಯ ಬೇಡ, ನೀವೂ ಅಂದು ಅವಳೊಂದಿಗೆ ಮನೆಯಲ್ಲೇ ಉಳಿದುಕೊಳ್ಳಿ. ಕುಂಬಳೆ ಬೆಡಿ ಮರುವರ್ಷವೂ ಇರುತ್ತದೆ.